ಸ್ವಂತ ಹೊಲಕ್ಕೆ ಬಾಡಿಗೆ ಇಲ್ವಾ?

ರಾಗಿ ಒಕ್ಕಣೆ ಮುಗಿಸಿ ಟೀ ಅಂಗಡಿ ಮುಂದೆ ಕೂತಿದ್ವಿ. "ಬೆಂಬಲ ಬೆಲೆ 4,886 ರೂಪಾಯಿ, ಖರ್ಚಿನ ಒಂದೂವರೆ ಪಟ್ಟು, ಇನ್ನೇನ್ ಬೇಕಪ್ಪ?" ಅಂದ್ರು ನಮ್ಮೂರ ಹಿರಿಯರೊಬ್ಬರು. ಖರ್ಚು ಅಂದ್ರೆ ಏನೇನಣ್ಣ ಅಂತ ಕೇಳ್ದೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಕೂಲಿ ಅಂತ ಬೆರಳು ಮಡಚಿ ನಿಲ್ಲಿಸಿದ್ರು. ಜಗಳ ಶುರುವಾಗಿದ್ದು ಅಲ್ಲೇ.

2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿ ಖರ್ಚು ಕ್ವಿಂಟಾಲಿಗೆ 3,257 ರೂ. ಅಂತ ಹಿಡಿದಿದೆ. ಒಂದೂವರೆ ಪಟ್ಟು ಮಾಡಿ ನೋಡಿ, ಗುಣಾಕಾರ ಸರಿಯಾಗೇ ಇದೆ. ನನ್ನ ತಕರಾರು 'ಖರ್ಚು' ಅನ್ನೋ ಪದದ ಮೇಲೆ. ಅವರು ಹಿಡಿದಿರೋದು 'ಎ2+ಎಫ್‌ಎಲ್'. ಅಂದ್ರೆ ಬೀಜ, ಗೊಬ್ಬರ, ಕೂಲಿ, ಯಂತ್ರ, ಕೊಟ್ಟ ಗುತ್ತಿಗೆ ಹಣ ಇಂಥವು, ಜೊತೆಗೆ ಮನೆಯವರ ದುಡಿಮೆಗೆ ಕಟ್ಟಿದ ಕೂಲಿ. ಸ್ವಂತ ಜಮೀನಿನ ಬಾಡಿಗೆ, ಬಾವಿ-ಪಂಪ್‌ಸೆಟ್‌ಗೆ ಹಾಕಿದ ಸ್ವಂತ ಬಂಡವಾಳದ ಬಡ್ಡಿ ಇದರಲ್ಲಿಲ್ಲ. ಅವನ್ನೂ ಸೇರಿಸಿದ್ರೆ 'ಸಿ2'. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಸಿ2 ಲೆಕ್ಕಾನೂ ಹಾಕುತ್ತೆ, ವರದಿಯಲ್ಲಿ ಅಚ್ಚೂ ಮಾಡುತ್ತೆ. ಒಂದೂವರೆ ಪಟ್ಟು ಮಾಡೋವಾಗ ಮಾತ್ರ ಅದು ಪಕ್ಕಕ್ಕೆ ಹೋಗುತ್ತೆ!

ನನ್ನ ಎರಡೆಕರೆ ಪಕ್ಕದಲ್ಲಿ ಒಂದೆಕರೆ ಗುತ್ತಿಗೆಗೆ ಹಿಡಿದಿದ್ದೀನಿ, ವರ್ಷಕ್ಕೆ ಆರು ಸಾವಿರ. ಅದು ಖರ್ಚು. ಬದು ದಾಟಿ ಈಚೆ ಬಂದ್ರೆ ಅದೇ ಕೆಂಪು ಮಣ್ಣು, ಅದೇ ಮಳೆ, ಆದ್ರೆ ಜಮೀನಿನ ಖರ್ಚು ಸೊನ್ನೆ. ಎಕರೆಗೆ ಹತ್ತು ಕ್ವಿಂಟಾಲ್ ಅಂದ್ರೂ ಕ್ವಿಂಟಾಲಿಗೆ 600 ರೂಪಾಯಿ ವ್ಯತ್ಯಾಸ. ಸರ್ಕಾರದ್ದು ಸರಾಸರಿ ಲೆಕ್ಕ, ನನ್ನ ಹೊಲದ್ದಲ್ಲ, ಒಪ್ತೀನಿ. ನಿಯಮ ಮಾತ್ರ ಇದೇ.

"ಸ್ವಂತದ್ದಕ್ಕೆ ಬಾಡಿಗೆ ಯಾರಿಗೆ ಕೊಡ್ತೀಯ?" ಅಂದ್ರು. ಯಾರಿಗೂ ಇಲ್ಲ. ಆದ್ರೆ ಆ ಎರಡೆಕರೆ ಗುತ್ತಿಗೆಗೆ ಕೊಟ್ಟು ಮನೇಲಿ ಕೂತಿದ್ರೆ ಹನ್ನೆರಡು ಸಾವಿರ ಕೈಗೆ ಬರ್ತಿತ್ತು. ಬೇಸಾಯ ಮಾಡೋಕೆ ಅದನ್ನ ಬಿಟ್ಟಿದ್ದೀನಲ್ಲ, ಅದ್ಯಾಕೆ ಖರ್ಚಲ್ಲ? ರೈತ ಸಂಘಟನೆಗಳು ಸಿ2 ಮೇಲೆ ಶೇ. 50 ಕೇಳ್ತಿರೋದು ಇದಕ್ಕೇ. ಇದನ್ನ ದುರಾಸೆ ಅನ್ನೋರು ತಮ್ಮ ಊರಿನ ಮನೇನ ಒಂದು ವರ್ಷ ಪುಕ್ಕಟೆ ಬಿಟ್ಟುಕೊಡ್ಲಿ ನೋಡೋಣ.

ಸರ್ಕಾರಕ್ಕೆ ಬೈದು ಸುಮ್ಮನಾಗೋ ಹಾಗೂ ಇಲ್ಲ. ಹೋದ ವರ್ಷ ನನ್ನ ನೋಟ್‌ಬುಕ್ಕಲ್ಲೂ ಆ ಸಾಲು ಇರ್ಲಿಲ್ಲ. ಎರಡೆಕರೆಗೆ 'ಲಾಭ 14,000' ಅಂತ ಬರ್ಕೊಂಡು ಹೆಂಡತಿಗೂ ತೋರ್ಸಿದ್ದೆ. ಗುತ್ತಿಗೆ ದರ ಕಳೆದ್ರೆ ಉಳಿದದ್ದು ಎರಡು ಸಾವಿರ.

ಈ ಸಲ ಆ ಸಾಲು ಸೇರ್ಸಿದ್ದೀನಿ. ನಿಮ್ಮ ಕಡೆ ಖುಷ್ಕಿ ಎಕರೆಗೆ ಗುತ್ತಿಗೆ ಎಷ್ಟು ನಡೀತಿದೆ, ಬರೀರಿ. ಖರೀದಿ ಕೇಂದ್ರದಲ್ಲಿ ಸರದಿ ನಿಂತಾಗ ಒಟ್ಟಿಗೆ ಲೆಕ್ಕ ಹಾಕೋಣ.