ಗದ್ದಲ ಮೊದಲು, ಸರಳೆ ಆಮೇಲೆ

ನಮ್ಮ ಅಂಗನವಾಡಿ, ಶಿಶುವಿಹಾರ, ಎಲ್‌ಕೆಜಿಗಳಲ್ಲಿ ಸಂಗೀತವೆಂದರೆ ಅಭಿನಯ ಗೀತೆ. ಟೀಚರ್ ಒಂದು ಸಾಲು ಹೇಳಿಕೊಡುತ್ತಾರೆ, ಮಕ್ಕಳು ಒಪ್ಪಿಸುತ್ತವೆ. ಕೈ ಎತ್ತಬೇಕಾದ ಕಡೆ ಎಲ್ಲರ ಕೈಯೂ ಮೇಲೇಳಬೇಕು. ವಾರ್ಷಿಕೋತ್ಸವದ ಹೊತ್ತಿಗೆ ಅದೂ ಹೋಗಿ, ಸ್ಪೀಕರಿನಲ್ಲಿ ಸಿನಿಮಾ ಹಾಡು, ವೇದಿಕೆಯ ಮೇಲೆ ಬರೀ ತುಟಿಯಾಡಿಸುವ ಮಕ್ಕಳು. ಅಭಿನಯ ಗೀತೆ ಬೇಡವೆನ್ನುತ್ತಿಲ್ಲ, ಅದರಿಂದ ಮಾತು ಬೆಳೆಯುತ್ತದೆ, ಸಂಕೋಚ ಬಿಡುತ್ತದೆ. ಆದರೆ ಸಂಗೀತ ಅಲ್ಲಿಗೇ ಮುಗಿಯಿತು ಎಂದುಕೊಳ್ಳುವುದು ತಪ್ಪು. ಮೂರು ವರ್ಷದ ಮಗು ಯಾರೂ ಹೇಳಿಕೊಡದ ಹಾಡನ್ನೂ ಕಟ್ಟುತ್ತದೆ. ಆ ಹಾಡಿಗೆ ತರಗತಿಯ ದಿನಚರಿಯಲ್ಲಿ ಜಾಗ ಬೇಕು, ಅದನ್ನು ಕೇಳುವ ಹಿರಿಯರೂ ಬೇಕು.

ಇದು ಕವಿಕಲ್ಪನೆಯಲ್ಲ. 1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪಿಲ್ಸ್‌ಬರಿ ಫೌಂಡೇಶನ್ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆಯಿತು. ಶಿಕ್ಷಣ ತಜ್ಞೆ ಗ್ಲಾಡಿಸ್ ಮೂರ್‌ಹೆಡ್ ಮತ್ತು ಸಂಗೀತ ರಚನೆಕಾರ ಡೊನಾಲ್ಡ್ ಪಾಂಡ್ ಅಲ್ಲಿ ಪಾಠ ಮಾಡಿದ್ದಕ್ಕಿಂತ ಗಮನಿಸಿ ಬರೆದಿಟ್ಟದ್ದೇ ಹೆಚ್ಚು. ಡೋಲು, ಜಾಗಟೆ, ಗಂಟೆಗಳನ್ನು ಮಕ್ಕಳ ಕೈಗೆಟುಕುವಂತೆ ಇಟ್ಟು, ಏನಾಗುತ್ತದೋ ನೋಡಿದರು. 1941ರಿಂದ ಬಿಡಿಬಿಡಿಯಾಗಿ ಹೊರಬಂದ ಅವರ ವರದಿಗಳು ಮಕ್ಕಳ ಹಾಡಿನಲ್ಲಿ ಎರಡು ಬಗೆಯನ್ನು ಗುರುತಿಸಿದವು. ಒಂದು, ಮಗು ತನ್ನಷ್ಟಕ್ಕೆ ಆಡುತ್ತ ಗುನುಗುವ, ತಾಳದ ಹಂಗಿಲ್ಲದೆ ಅಲೆಯುವ ಹಾಡು. ಇನ್ನೊಂದು, ಗುಂಪಿನಲ್ಲಿ ಓಟ ಜಿಗಿತಗಳ ನಡುವೆ ಹುಟ್ಟುವ, ಕೆಲವೇ ಸ್ವರಗಳಲ್ಲಿ ಮತ್ತೆಮತ್ತೆ ಮರಳುವ, ಲಯ ಬಿಗಿಯಾದ ಹಾಡು. ಬೀದಿಯಲ್ಲಿ ಮಕ್ಕಳ ಪಟಾಲಮ್ಮು ಯಾರನ್ನಾದರೂ ಅಣಕಿಸುವ ರಾಗ ಕೇಳಿದವರಿಗೆ ಈ ಎರಡನೆಯದನ್ನು ವಿವರಿಸಬೇಕಿಲ್ಲ. ವಾದ್ಯ ಕೈಗೆ ಸಿಕ್ಕಾಗ ಮಗುವನ್ನು ಮೊದಲು ಸೆಳೆಯುವುದು ನಾದದ ವೈವಿಧ್ಯ ಎಂದೂ ಆ ವರದಿಗಳು ಹೇಳಿದವು. ಆ ಹುಡುಕಾಟದಿಂದಲೇ ಮುಂದೆ ವಿನ್ಯಾಸಗಳು ಮೂಡುತ್ತವೆ. ಬೆರಳೆಣಿಕೆಯ ಮಕ್ಕಳಿದ್ದ, ದುಡ್ಡಿನ ಬೆಂಬಲವಿದ್ದ ಆ ಶಾಲೆ 1948ಕ್ಕೆ ಮುಚ್ಚಿತು. ಈ ಪದ್ಧತಿಯೇ ಮಿಕ್ಕದ್ದಕ್ಕಿಂತ ಮೇಲು ಎಂದು ಅದರಿಂದ ಸಾಬೀತಾಗುವುದಿಲ್ಲ. ಮಕ್ಕಳಿಗೆ ಏನು ಸಾಧ್ಯ ಎಂಬುದಷ್ಟೇ ಗೊತ್ತಾಗುತ್ತದೆ, ನನ್ನ ವಾದಕ್ಕೆ ಅಷ್ಟು ಸಾಕು.

ಹಾಗಾದರೆ ಟೀಚರ್ ಕೈಕಟ್ಟಿ ಕೂರುವುದೇ? ಮಗುವನ್ನು ಮುಂದೆ ಬಿಡಿ ಎನ್ನುವವರಲ್ಲಿ ಕೆಲವರು ಹಾಗೇ ನಂಬಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರಾದ ಸೆಬಾಸ್ಟಿಯನ್ ಕಿರ್ಷ್ನರ್ ಮತ್ತು ಮೈಕಲ್ ಟೊಮಸೆಲ್ಲೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷದಿಂದ ನಾಲ್ಕೂವರೆಯ ತನಕದ ಮಕ್ಕಳು ಯಂತ್ರದ ಬಡಿತಕ್ಕಿಂತ ಎದುರಿಗೆ ಕೂತ ಮನುಷ್ಯರೊಂದಿಗೆ ಡೋಲು ಬಾರಿಸುವಾಗ ಲಯಕ್ಕೆ ಚೆನ್ನಾಗಿ ಹೊಂದಿಕೊಂಡರು. ಮಗುವಿಗೆ ಜೊತೆಗಾರರು ಬೇಕೇ ಬೇಕು. ಡಬ್ಬ ಬಡಿಯುವ ಮಗುವಿನ ಎದುರು ಕೂತು, ಅದೇ ಬಡಿತವನ್ನು ಮರಳಿ ಬಡಿದು, ಮುಂದೇನು ಬರುತ್ತದೆಂದು ಕಾಯುವುದು ಹಾಡು ಬಾಯಿಪಾಠ ಮಾಡಿಸುವುದಕ್ಕಿಂತ ಕಷ್ಟದ ಕೆಲಸ. ಮೊಬೈಲಿನಲ್ಲಿ ರೈಮ್ಸ್ ಹಚ್ಚಿ ಕೂರಿಸುವುದರಲ್ಲಿ ಈ ಕೊಡುಕೊಳ್ಳುವಿಕೆಯೇ ಇಲ್ಲ.

ಶಾಸ್ತ್ರೀಯ ಸಂಗೀತದ ಮನೆಗಳಿಂದ ಬರುವ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಶ್ರುತಿ, ತಾಳ ಗುರುಮುಖದಿಂದಲೇ ಬರಬೇಕು, ಕೆಟ್ಟ ಅಭ್ಯಾಸ ಅಂಟಿದರೆ ಬಿಡಿಸುವುದು ಕಷ್ಟ. ನಿಜ, ಮಾಯಾಮಾಳವಗೌಳ ರಾಗದ ಸರಳೆ ವರಸೆಯಂಥ ಮೊದಲ ಪಾಠವನ್ನು ಯಾವ ಮಗುವೂ ತಾನಾಗಿ ಕಂಡುಹಿಡಿಯುವುದಿಲ್ಲ. ಆದರೆ ಅಂಥ ಮನೆಗಳ ಮಕ್ಕಳು ಸರಳೆಗೆ ಕೂರುವ ಮೊದಲು ಏನು ಮಾಡುತ್ತಿರುತ್ತವೆ? ಅಪ್ಪನ ಪಾಠ ನಡೆಯುವಾಗ ತೊಡೆಯೇರಿ ತಾಳ ಹಾಕುತ್ತವೆ, ತಂಬೂರಿಯ ತಂತಿ ಎಳೆಯುತ್ತವೆ, ಅರ್ಧ ಕೇಳಿದ ಪಲ್ಲವಿಗೆ ತಮ್ಮದೇ ಬಾಲ ಅಂಟಿಸುತ್ತವೆ. ಆ ಸ್ವಾತಂತ್ರ್ಯವನ್ನು ಯಾರೂ ಪಾಠವೆಂದು ಕರೆಯದಿದ್ದರೂ ಕಲಿಕೆ ಶುರುವಾಗುವುದು ಅಲ್ಲೇ. ಸಂಗೀತವಿಲ್ಲದ ಮನೆಯ ಮಗುವಿಗೆ ಅದು ಸಿಗಬೇಕಾದರೆ ತರಗತಿಯೇ ಗತಿ.

ಇನ್ನುಳಿದದ್ದು ಅಂಗನವಾಡಿಯ ವಾಸ್ತವದಿಂದ ಹುಟ್ಟುವ ಆಕ್ಷೇಪ: ಒಂದೇ ಕೋಣೆ, ಒಬ್ಬ ಕಾರ್ಯಕರ್ತೆ, ಊಟದ ಲೆಕ್ಕ, ತೂಕದ ದಾಖಲೆ, ಸಮೀಕ್ಷೆಯ ಕೆಲಸ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ವಾದ್ಯದ ಖರ್ಚು ದೊಡ್ಡದಲ್ಲ. ತೆಂಗಿನ ಚಿಪ್ಪು, ಕಾಳು ತುಂಬಿದ ಡಬ್ಬಿ, ಸ್ಟೀಲ್ ತಟ್ಟೆ ಸಾಕು. ಸಾಲದ್ದು ಸಮಯ ಮತ್ತು ಕೇಳುವ ತರಬೇತಿ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಬುನಾದಿ ಎನ್ನುತ್ತದೆ. ಹಾಗಿದ್ದ ಮೇಲೆ ಕಾರ್ಯಕರ್ತೆಯರ ತರಬೇತಿಯಲ್ಲಿ ಹೊಸ ಅಭಿನಯ ಗೀತೆಗಳನ್ನು ಕಲಿಸುವ ಅವಧಿಯೊಂದನ್ನು ತೆಗೆದು, ಮಕ್ಕಳ ಬಡಿತ, ಗುನುಗುಗಳಿಗೆ ಹೇಗೆ ಉತ್ತರಿಸಬೇಕೆಂಬುದಕ್ಕೆ ಕೊಡಬಹುದು. ಮೇಲ್ವಿಚಾರಕಿ ಭೇಟಿಗೆ ಬಂದಾಗ ಆ ಗದ್ದಲವನ್ನು ಅಶಿಸ್ತು ಎಂದು ಬರೆದುಕೊಳ್ಳದಂತೆ ಅವರಿಗೂ ಅದೇ ಅವಧಿಯಲ್ಲಿ ಒಂದು ಕುರ್ಚಿ ಹಾಕಬೇಕು.