ಜೋಡಿ ಆಟ ಅರ್ಧ ಆಟವಲ್ಲ

ರೋಹನ್ ಬೋಪಣ್ಣ 2025ರ ನವೆಂಬರ್ ತಿಂಗಳಲ್ಲಿ ವೃತ್ತಿ ಟೆನಿಸ್‌ಗೆ ವಿದಾಯ ಹೇಳಿದರು. ಕೊಡಗಿನ ಈ ಆಟಗಾರನನ್ನು ಕುರಿತು ಒಳ್ಳೆಯ ಮಾತುಗಳು ಬೇಕಾದಷ್ಟು ಕೇಳಿಬಂದವು. ಆದರೆ ಹಲವರ ಹೊಗಳಿಕೆಯ ಬಾಲದಲ್ಲಿ ಒಂದು ಮುಳ್ಳಿತ್ತು: "ಎಷ್ಟಾದರೂ ಅದು ಡಬಲ್ಸ್ ತಾನೆ?" ನನ್ನ ಬಂಧುಗಳಲ್ಲೇ ಕೆಲವರು ಹೀಗೆಂದರು. ಹಳೆಯ ವಿದ್ಯಾರ್ಥಿಗಳಲ್ಲೂ ಒಂದಿಬ್ಬರು ತಲೆಯಾಡಿಸಿದರು. ಈ ಮಾತು ತಪ್ಪು ಮಾತ್ರವಲ್ಲ, ಮಕ್ಕಳನ್ನು ಬೆಳೆಸುವವರ ಬಾಯಲ್ಲಿ ಅಪಾಯಕಾರಿಯೂ ಹೌದು ಎಂಬುದು ನನ್ನ ತಕರಾರು.

ಮೊದಲು ಎದುರಾಳಿಯ ವಾದವನ್ನು ನ್ಯಾಯವಾಗಿಯೇ ಮಂಡಿಸೋಣ. ಒಂಟಿಯಾಗಿ ಗೆಲ್ಲಲಾಗದವರು ಜೋಡಿ ಆಟಕ್ಕೆ ಸರಿಯುತ್ತಾರೆ ಎನ್ನುತ್ತಾರೆ. ಬೋಪಣ್ಣ ಸಿಂಗಲ್ಸ್‌ನಲ್ಲಿ ಮೊದಲ ಇನ್ನೂರರೊಳಗೆ ಎಂದೂ ಬರಲಿಲ್ಲ ಎಂಬುದು ನಿಜ. ಜನ ಹಣ ಕೊಟ್ಟು ನೋಡಬಯಸುವುದು ಸಿಂಗಲ್ಸ್ ಎಂಬುದೂ ಬಹುಮಟ್ಟಿಗೆ ನಿಜ. ಆದರೆ ಇಷ್ಟರಿಂದ ಡಬಲ್ಸ್ ಕೀಳೆಂದು ಸಿದ್ಧವಾಗುವುದಿಲ್ಲ. ಅದು ಬೇರೆಯೇ ವಿದ್ಯೆ ಎಂದಷ್ಟೇ ಸಿದ್ಧವಾಗುತ್ತದೆ.

ಇದಕ್ಕೆ ನಿದರ್ಶನ ಬೋಪಣ್ಣನವರ ಜೊತೆಗಾರನೇ. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್, ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಾಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಬ್ಡನ್ ಸಿಂಗಲ್ಸ್ ಅಂಗಣಕ್ಕೂ ಇಳಿಯಬೇಕಾಯಿತು. ಎದುರಿಗಿದ್ದವರು ನೊವಾಕ್ ಜೊಕೊವಿಚ್. ಎಬ್ಡನ್ 0-6, 1-6ರಿಂದ ಸೋತರು. ನಕ್ಕವರು ನಕ್ಕರು. ಅದೇ ಕೂಟ ಮುಗಿಯುವುದರೊಳಗೆ ಆ ಎಬ್ಡನ್, ಜಾನ್ ಪಿಯರ್ಸ್ ಜೊತೆ ಆಡಿ ಡಬಲ್ಸ್ ಚಿನ್ನ ಗೆದ್ದರು. ಇನ್ನು ಇಪ್ಪತ್ನಾಲ್ಕು ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್‌ಗಳ ಒಡೆಯ ಜೊಕೊವಿಚ್ ಬಳಿ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಒಂದೂ ಇಲ್ಲ. ಅದಕ್ಕಾಗಿ ಅವರನ್ನು ಯಾರೂ ಅರ್ಧ ಆಟಗಾರ ಎನ್ನುವುದಿಲ್ಲ. ಹಾಗಾದರೆ ಎಬ್ಡನ್ ಮಾತ್ರ ಏಕೆ ಅರ್ಧ?

ಅಂಗಣದ ಲೆಕ್ಕವನ್ನೇ ನೋಡಿ. ಸಿಂಗಲ್ಸ್ ಅಂಗಣದ ಅಗಲ 27 ಅಡಿ, ಡಬಲ್ಸ್‌ನದು 36 ಅಡಿ. ಆಟಗಾರರು ಇಮ್ಮಡಿಯಾದರೂ ನೆಲ ಹೆಚ್ಚುವುದು ಒಂಬತ್ತೇ ಅಡಿ. ಆದ್ದರಿಂದ ತೆರವು ಕಡಿಮೆ, ಯೋಚಿಸಲು ಸಮಯ ಇನ್ನೂ ಕಡಿಮೆ. ಬಲೆಯ ಬಳಿ ನಿಂತವನು ಬೆನ್ನ ಹಿಂದೆ ಬೆರಳಿನ ಸನ್ನೆ ಮಾಡುತ್ತಾನೆ. ಹಿಂದಿರುವವನು ಆ ಸನ್ನೆಯನ್ನು ನಂಬಿ ಸರ್ವ್ ಮಾಡುತ್ತಾನೆ. ನಂಬಿಕೆ ಕ್ಷಣಮಾತ್ರ ತಪ್ಪಿದರೂ ಇಬ್ಬರ ನಡುವಿನಿಂದ ಚೆಂಡು ಹೊರಟುಹೋಗುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಹಿಡಿದು ಎಳೆಯುವ ಗರಗಸವನ್ನು ದಾಂಡೇಲಿ, ಜೋಯಿಡಾಗಳ ಹಿರಿಯರು ಬಲ್ಲರು. ಒಬ್ಬ ಎಳೆಯುವಾಗ ಇನ್ನೊಬ್ಬ ಸಡಿಲ ಬಿಡಬೇಕು. ಇಬ್ಬರೂ ಶೂರರಾಗಿ ಏಕಕಾಲಕ್ಕೆ ಎಳೆದರೆ ದಿಮ್ಮಿ ಕೊರೆಯುವುದಿಲ್ಲ. ಮುಂಡಗೋಡದ ಗದ್ದೆಗಳಲ್ಲಿ ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದೇ ಮುಂದಕ್ಕೆ ಓಡಿದರೆ ಸಾಲು ಸೊಟ್ಟಗಾಗುತ್ತದೆ. ಹಳಿಯಾಳದ ಕುಸ್ತಿಯ ಬಗ್ಗೆ ನನಗೂ ಅಭಿಮಾನವಿದೆ. ಕಣದಲ್ಲಿ ಒಬ್ಬನೇ ನಿಂತು ಗೆಲ್ಲುವ ಪೈಲ್ವಾನ ದೊಡ್ಡವನು. ಆದರೆ ಬದುಕಿನ ಬಹುಪಾಲು ಕೆಲಸ ಕುಸ್ತಿಯಂತಿರದೆ ಗರಗಸದಂತಿರುತ್ತದೆ.

ಇಷ್ಟಿದ್ದರೂ ಟೆನಿಸ್ ನಡೆಸುವವರು ಜೋಡಿ ಆಟವನ್ನು ಹೇಗೆ ನಡೆಸಿಕೊಂಡರು? 2006ರಿಂದೀಚೆಗೆ ಪುರುಷರ ವೃತ್ತಿ ಪ್ರವಾಸದ ಸಾಮಾನ್ಯ ಪಂದ್ಯಾವಳಿಗಳಲ್ಲಿ ಡಬಲ್ಸ್ ಅನ್ನು ಮೊಟಕುಗೊಳಿಸಲಾಯಿತು. ಡ್ಯೂಸ್ ಆದರೆ ಒಂದೇ ಅಂಕದಲ್ಲಿ ಗೇಮ್ ತೀರ್ಮಾನ. ಮೂರನೆಯ ಸೆಟ್ಟಿನ ಬದಲು ಹತ್ತು ಅಂಕಗಳ ಟೈಬ್ರೇಕರ್. ಹಣದ ಹಂಚಿಕೆಯಲ್ಲೂ ಅದೇ ಧೋರಣೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ವಿಜೇತನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ 7.3 ಲಕ್ಷ. ತಲೆಗೆ ಎಂಟರಲ್ಲೊಂದು ಪಾಲೂ ಬರಲಿಲ್ಲ. ಡಬಲ್ಸ್ ಪಂದ್ಯಗಳನ್ನು ಮೂಲೆಯ ಅಂಗಣಗಳಿಗೆ ತಳ್ಳಿ, ದೂರದರ್ಶನದಲ್ಲಿ ತೋರಿಸದೆ, ಆಮೇಲೆ "ಇದನ್ನು ಯಾರೂ ನೋಡುವುದಿಲ್ಲ" ಎಂದು ಮರುಗುವುದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ.

2025ರ ಅಮೆರಿಕನ್ ಓಪನ್‌ನಲ್ಲಿ ಇದು ಇನ್ನೂ ಮುಂದೆ ಹೋಯಿತು. ಮಿಶ್ರ ಡಬಲ್ಸ್ ಅನ್ನು ಹದಿನಾರು ಜೋಡಿಗಳಿಗೆ ಇಳಿಸಿ, ಸಿಂಗಲ್ಸ್ ತಾರೆಯರನ್ನೇ ತುಂಬಿ, ವಿಜೇತ ಜೋಡಿಗೆ ಹತ್ತು ಲಕ್ಷ ಡಾಲರ್ ಇಟ್ಟರು. ಈ ಆಟವನ್ನೇ ನಂಬಿ ಬದುಕಿದವರಿಗೆ ಬಹುತೇಕ ಬಾಗಿಲು ಮುಚ್ಚಿತು. ಒಳಗೆ ಬಂದ ಡಬಲ್ಸ್ ಪರಿಣತರ ಜೋಡಿ, ಹಿಂದಿನ ವರ್ಷದ ವಿಜೇತರಾದ ಸಾರಾ ಎರಾನಿ ಮತ್ತು ಮೇಲೆ ಹೇಳಿದ ಅದೇ ವವಾಸೋರಿ. ಗೆದ್ದವರು ಯಾರು? ಅವರೇ! ತಾರೆಯರೆಲ್ಲ ಸೋತರು. ಇದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನು ಬೇಕು?

ಟೆನಿಸ್ ಅಂಗಣವನ್ನೇ ಕಾಣದ ನಮ್ಮ ಹಳ್ಳಿಯ ಮಕ್ಕಳಿಗೆ ಇದೆಲ್ಲ ಏಕೆ ಎಂದು ಕೇಳುವಿರಿ. ಅದೇ ತಾತ್ಸಾರ ನಮ್ಮ ಶಾಲೆಗಳಲ್ಲೂ ಇರುವುದರಿಂದ ಈ ಮಾತು ಬಂತು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಶಟಲ್ ಬ್ಯಾಡ್ಮಿಂಟನ್ ಡಬಲ್ಸ್ ಗೆದ್ದ ಇಬ್ಬರು ಹುಡುಗಿಯರಿಗೆ ಒಂದೇ ಲೋಟದ ಬಹುಮಾನ ಕೊಟ್ಟರು. ಸಿಂಗಲ್ಸ್ ಗೆದ್ದವಳಿಗೆ ಅದಕ್ಕಿಂತ ದೊಡ್ಡ ಲೋಟ. "ಹಂಚಿಕೊಳ್ಳಿ" ಎಂದರಂತೆ ಅತಿಥಿಗಳು. ಆ ಹುಡುಗಿಯರು ಆರಾರು ತಿಂಗಳು ಸರದಿಯಲ್ಲಿ ಅದನ್ನು ಮನೆಯಲ್ಲಿಟ್ಟುಕೊಂಡರು. ಹಿರಿಯರಿಗಿಲ್ಲದ ವಿವೇಕ ಅವರಲ್ಲಿತ್ತು. ತರಗತಿಯಲ್ಲೂ ನಾವು ಮೊದಲ ರ್‍ಯಾಂಕಿನವನ ಹೆಸರನ್ನು ಫಲಕದ ಮೇಲೆ ಬರೆದೆವು; ಪಕ್ಕದವನಿಗೆ ಗಣಿತ ಹೇಳಿಕೊಟ್ಟು ತೇರ್ಗಡೆ ಮಾಡಿಸಿದವನ ಹೆಸರನ್ನು ಯಾವ ಫಲಕವೂ ಹೊರಲಿಲ್ಲ.

ಬೋಪಣ್ಣನವರ ಬದುಕು ಇನ್ನೊಂದು ಪಾಠವನ್ನೂ ಕಲಿಸುತ್ತದೆ. 2010ರ ಅಮೆರಿಕನ್ ಓಪನ್ ಫೈನಲ್ ಅನ್ನು ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಆಡಿ ಸೋತರು. 2023ರಲ್ಲಿ ಅದೇ ಅಂಗಣದ ಫೈನಲ್‌ನಲ್ಲಿ ಎಬ್ಡನ್ ಜೊತೆ ಮತ್ತೆ ಸೋತರು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು; ಅಯ್ಯಂಗಾರ್ ಯೋಗದ ಆಸರೆಯಿಂದ ಆಟ ಮುಂದುವರಿಸಿದರು. ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಕೈಸೇರಿದಾಗ ವಯಸ್ಸು 43. ಆ ಪ್ರಾಯದಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಹದಿನೈದಕ್ಕೇ ಮಕ್ಕಳ ಹಣೆಬರಹ ಬರೆದು ಮುಗಿಸುವ ತಂದೆತಾಯಂದಿರು ಇದನ್ನು ಗಮನಿಸಬೇಕು.

ನನ್ನ ಶಿಷ್ಯರಲ್ಲಿ ಹಲವರು ಇಂದು ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ತಾಯಿತಂದೆಯರು. ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮುಂದಿನ ಕ್ರೀಡಾಕೂಟದಲ್ಲಿ ಡಬಲ್ಸ್ ಗೆದ್ದವರಿಗೆ ಎರಡು ಲೋಟ ಕೊಡಿ, ಒಂದೇ ಗಾತ್ರದವು. ವೇದಿಕೆಯಲ್ಲಿ ಎರಡೂ ಹೆಸರುಗಳನ್ನು ಪೂರ್ತಿಯಾಗಿ ಓದಿ. ಖರ್ಚು ಹೆಚ್ಚೆಂದು ಯಾರಾದರೂ ಗೊಣಗಿದರೆ ಅತಿಥಿಗಳ ಹಾರ, ಶಾಲುಗಳಲ್ಲಿ ಒಂದನ್ನು ಕಡಿಮೆ ಮಾಡಿ.