ನೆಕ್ಕರ್ ನದಿಯ ದಂಡೆಗೆ ಹೊರಟ ತಾಯಂದಿರಿಗೆ

ಹಿಂದೆ ನಮ್ಮ ಮನೆಗಳ ತಾಯಂದಿರು ವಿಮಾನ ಹತ್ತುತ್ತಿದ್ದುದು ಹಜ್ಜ್, ಉಮ್ರಾಗಳಿಗಾಗಿ, ಇಲ್ಲವೇ ಗಲ್ಫ್‌ನಲ್ಲಿರುವ ಮಕ್ಕಳನ್ನು ನೋಡಲು. ಈಗ ಜರ್ಮನಿಯ ಹೆಸರೂ ನಮ್ಮ ಅಡುಗೆ ಮನೆಯ ಮಾತುಗಳಲ್ಲಿ ಕೇಳಿ ಬರುತ್ತಿದೆ. ಒಬ್ಬರ ಮಗ ಅಲ್ಲಿ ಇಂಜಿನಿಯರ್, ಇನ್ನೊಬ್ಬರ ಮಗಳು ನರ್ಸ್. ಸೊಸೆಗೆ ದಿನ ತುಂಬುತ್ತಿದೆ ಎಂಬ ಸುದ್ದಿ ಬಂದೊಡನೆ ತಾಯಿಗೆ ಟಿಕೆಟ್ ಆಗುತ್ತದೆ. ಮೂರು ತಿಂಗಳ ಬಳಿಕ ಮರಳಿದ ಆ ತಾಯಿಯೊಡನೆ ‘ಏನೇನು ನೋಡಿದಿರಿ?’ ಎಂದು ಕೇಳಿದರೆ, ‘ಮಗುವನ್ನು ನೋಡಿದೆ, ಮನೆ ನೋಡಿದೆ. ಬಾಣಂತಿಯನ್ನು ಬಿಟ್ಟು ಎಲ್ಲಿಗೆ ಹೋಗಲಿ?’ ಎನ್ನುತ್ತಾರೆ. ಬೀದಿಯ ತುದಿಯ ಅಂಗಡಿಯಿಂದಾಚೆ ಅವರು ಕಾಲಿಟ್ಟಿರುವುದಿಲ್ಲ.

ಓದುಗ ಸಹೋದರಿಯೊಬ್ಬರು ಇಂಥದೇ ಪ್ರಯಾಣದ ಸಿದ್ಧತೆಯಲ್ಲಿದ್ದಾರೆ. ಮಗನಿರುವುದು ವಾಲ್‌ಡೋರ್ಫ್‌ನಲ್ಲಿ. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಹೊಂದಿರುವ ಎಸ್.ಎ.ಪಿ. ಕಂಪೆನಿಯ ಕೇಂದ್ರ ಇರುವುದು ಇದೇ ಪುಟ್ಟ ಊರಿನಲ್ಲಿ. ಹೈಡೆಲ್‌ಬರ್ಗ್ ಎಂಬ ಹಳೆಯ ನಗರ ಅಲ್ಲಿಂದ ರೈಲಿನಲ್ಲಿ ಸುಮಾರು ಕಾಲು ಗಂಟೆಯ ದಾರಿ. ‘ಅಷ್ಟು ಹತ್ತಿರ ಹೋಗಿ ಆ ಊರನ್ನು ನೋಡದೆ ಬರಬೇಕೇ? ನಾನು ಕಲಿತದ್ದು ಏಳನೆಯ ತರಗತಿ, ಭಾಷೆ ಬಾರದು, ಮಗನಿಗೆ ಬಿಡುವಿಲ್ಲ’ ಎಂದು ಅವರು ಕೇಳಿದ್ದಾರೆ. ಈ ತಿಂಗಳ ಅಂಕಣ ಅವರಿಗೂ ಅವರಂತಹ ಇತರ ತಾಯಂದಿರಿಗೂ ಮೀಸಲು.

ಯೋಜನೆಯ ಮೊದಲ ಕೆಲಸ ಕಾಗದಪತ್ರವೆಂದು ನೀವು ಭಾವಿಸಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲ ಕೆಲಸ ಒಂದು ಮಾತುಕತೆ. ಟಿಕೆಟ್ ಆಗುವ ಮೊದಲೇ ಮಗನೊಂದಿಗೆ ಹೇಳಿಬಿಡಿ: ವಾರದಲ್ಲಿ ಒಂದು ದಿನ ನನ್ನದು. ಶನಿವಾರ ಅವನಿಗೆ ರಜೆ ಇರುತ್ತದೆ. ಆ ದಿನ ಮಗುವನ್ನೂ ಅಡುಗೆಯನ್ನೂ ಅವನು ನೋಡಿಕೊಳ್ಳಲಿ, ಅಥವಾ ಅವನೇ ನಿಮ್ಮೊಂದಿಗೆ ಬರಲಿ. ಅಲ್ಲಿಗೆ ತಲಪಿದ ಮೇಲೆ ಕೇಳೋಣವೆಂದರೆ ಬಾಣಂತನದ ಗಡಿಬಿಡಿಯಲ್ಲಿ ಆ ಮಾತು ಏಳುವುದೇ ಇಲ್ಲ.

ಕಾಗದಪತ್ರ ಮತ್ತು ಪೆಟ್ಟಿಗೆ

ಬೇಕಾದುದು ಶೆಂಗೆನ್ ವೀಸಾ. ಅದರಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಇರಬಹುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಕೊಡಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ ಆಗಿದೆ. ಪಾಸ್‌ಪೋರ್ಟ್ ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು ಮತ್ತು ಮರಳುವ ದಿನದ ನಂತರವೂ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು. ಖರ್ಚೆಲ್ಲ ಮಗನದ್ದಾದರೆ ಅವನು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಅಧಿಕೃತ ಹೊಣೆಪತ್ರ ಮಾಡಿಸಿ ಕಳುಹಿಸಬಹುದು.

ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಹಳೆಯ ಕಾಯಿಲೆಗೆ ಆ ವಿಮೆ ಅನ್ವಯವಾಗುತ್ತದೆಯೇ ಎಂದು ಮಕ್ಕಳಿಂದ ಓದಿಸಿ ತಿಳಿದುಕೊಳ್ಳಬೇಕು. ಮಾತ್ರೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ಇನ್ನು ಪೆಟ್ಟಿಗೆ. ಬಾಣಂತಿಗೆಂದು ತುಪ್ಪ, ಖೋವಾದ ಸಿಹಿ, ಒಣಗಿಸಿದ ಮಾಂಸ ಕಟ್ಟಿಕೊಂಡು ಹೋಗುವುದು ನಮ್ಮ ರೂಢಿ. ನಮ್ಮ ದೇಶದಿಂದ ಹೋಗುವವರು ಮಾಂಸ ಹಾಗೂ ಹಾಲಿನ ಉತ್ಪನ್ನಗಳನ್ನು ಸಾಮಾನಿನಲ್ಲಿ ಒಯ್ಯುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಸೊಸೆಯ ಒಲೆಯ ಮೇಲೆ ಕಾಯಿಸಿದರೆ ತುಪ್ಪವಾಗುತ್ತದೆ. ಪೆಟ್ಟಿಗೆಯಲ್ಲಿ ಉಳಿದ ಜಾಗದಲ್ಲಿ ಒಂದು ಜೊತೆ ಗಟ್ಟಿ ಶೂ ಇಡಿ. ಹೈಡೆಲ್‌ಬರ್ಗ್‌ನ ಹಳೆಯ ಬೀದಿಗಳೆಲ್ಲ ಕಲ್ಲು ಹಾಸಿದವು, ಚಪ್ಪಲಿಯಲ್ಲಿ ನಡೆದರೆ ಸಂಜೆಗೆ ಹಿಮ್ಮಡಿ ನೋಯುತ್ತದೆ.

ಮೊದಲ ಶನಿವಾರ: ಹಳೆಯ ಪೇಟೆ

ನೆಕ್ಕರ್ ನದಿ ದಕ್ಷಿಣ ಜರ್ಮನಿಯ ಕಪ್ಪು ಕಾಡಿನ ಸೀಮೆಯಲ್ಲಿ ಹುಟ್ಟಿ ಮನ್‌ಹೈಮ್‌ನಲ್ಲಿ ರೈನ್ ನದಿಯನ್ನು ಸೇರುತ್ತದೆ. ಅದು ಬೆಟ್ಟಗಳ ಸಂದಿಯಿಂದ ಬಯಲಿಗೆ ಇಳಿಯುವ ಜಾಗದಲ್ಲಿ ಹೈಡೆಲ್‌ಬರ್ಗ್ ಇದೆ. ಒಂದು ಬದಿ ನದಿ, ಇನ್ನೊಂದು ಬದಿ ಬೆಟ್ಟ, ನಡುವೆ ಉದ್ದನೆಯ ಪಟ್ಟಿಯಂತೆ ಹಳೆಯ ಪೇಟೆ. ದಾರಿ ತಪ್ಪುವ ಭಯವೇ ಬೇಡ. ಎಲ್ಲಿ ನಿಂತರೂ ನದಿ ಯಾವ ಕಡೆ, ಕೋಟೆ ಯಾವ ಕಡೆ ಎಂದು ಗೊತ್ತಾಗುತ್ತದೆ.

ದೊಡ್ಡ ರೈಲು ನಿಲ್ದಾಣ ಪೇಟೆಯಿಂದ ದೂರವಿದೆ. ಅಲ್ಲಿ ರೈಲು ಬದಲಿಸಿ ‘ಆಲ್ಟ್‌ಷ್ಟಾಟ್’ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಿರಿ. ಆ ಪದದ ಅರ್ಥವೇ ಹಳೆಯ ಪೇಟೆ. ಅಲ್ಲಿಂದ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ವಾಹನಗಳಿಲ್ಲದ ಮುಖ್ಯ ಬೀದಿ ಸಿಗುತ್ತದೆ. ಅದರ ಇನ್ನೊಂದು ತುದಿಯಿಂದ ಟ್ರಾಮ್ ಹಿಡಿದು ದೊಡ್ಡ ನಿಲ್ದಾಣಕ್ಕೆ ಮರಳಬಹುದು.

ದಾರಿಯಲ್ಲಿ ಮೊದಲು ಸಿಗುವುದು ಮಾರುಕಟ್ಟೆ ಚೌಕ ಮತ್ತು ಪವಿತ್ರಾತ್ಮ ಚರ್ಚ್. ಕ್ಯಾಥೊಲಿಕರು ಮತ್ತು ಪ್ರೊಟೆಸ್ಟೆಂಟರು ಈ ಚರ್ಚಿನ ನಡುವೆ ಗೋಡೆ ಕಟ್ಟಿ ಹಂಚಿಕೊಂಡಿದ್ದರು. 1706ರಲ್ಲಿ ಎದ್ದ ಗೋಡೆ ಕೊನೆಯದಾಗಿ ಬಿದ್ದದ್ದು 1936ರಲ್ಲಿ. ಇದೇ ಚರ್ಚಿನ ಮಾಳಿಗೆಗಳಲ್ಲಿ ಒಂದು ಕಾಲಕ್ಕೆ ಯುರೋಪಿನ ಪ್ರಸಿದ್ಧ ಗ್ರಂಥಾಲಯವಿತ್ತು. 1622ರಲ್ಲಿ ಶತ್ರುಸೈನ್ಯ ಊರನ್ನು ಗೆದ್ದಾಗ ಪುಸ್ತಕಗಳೇ ಯುದ್ಧದ ಕೊಳ್ಳೆಯಾದವು. ಮರುವರ್ಷ ಅವುಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ಆಲ್ಪ್ಸ್ ಪರ್ವತ ದಾಟಿಸಿ ರೋಮಿಗೆ ಒಯ್ದರು. 1816ರಲ್ಲಿ ಜರ್ಮನ್ ಭಾಷೆಯ 847 ಹಸ್ತಪ್ರತಿಗಳು ಮರಳಿ ಬಂದವು.

ಮುಂದೆ ವಿಶ್ವವಿದ್ಯಾನಿಲಯದ ಚೌಕ. 1386ರಲ್ಲಿ ಸ್ಥಾಪನೆಯಾದ ಇದು ಇಂದಿನ ಜರ್ಮನಿಯ ಅತ್ಯಂತ ಹಳೆಯ ವಿಶ್ವವಿದ್ಯಾನಿಲಯ. ಪುಂಡಾಟ ಮಾಡಿದ ವಿದ್ಯಾರ್ಥಿಗಳನ್ನು ಕೂಡಿಹಾಕಲು ಇದಕ್ಕೆ ತನ್ನದೇ ಸೆರೆಮನೆಯಿತ್ತು. 1778ರಿಂದ 1914ರವರೆಗೆ ಬಳಕೆಯಲ್ಲಿದ್ದ ಆ ಕೋಣೆಗಳ ಗೋಡೆ, ಛಾವಣಿಗಳ ತುಂಬ ಹುಡುಗರ ಚಿತ್ರ, ಬರಹ ಇಂದಿಗೂ ಇವೆ. ಬೆಂಚಿನ ಮೇಲೆ ಹೆಸರು ಕೆತ್ತುವ ವಿದ್ಯಾರ್ಥಿಗಳನ್ನು ದಿನವೂ ನೋಡುವ ನನ್ನಂತಹ ಶಿಕ್ಷಕರಿಗೆ ಇದು ಹೊಸದೇನೂ ಅನ್ನಿಸದು.

ಆ ಚೌಕದಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ರಷ್ಯಾದ ಸೋಫಿಯಾ ಕೊವಲೆವ್‌ಸ್ಕಾಯಾ 1869ರಲ್ಲಿ ಗಣಿತ ಕಲಿಯಲು ಇಲ್ಲಿಗೆ ಬಂದಾಗ ಹೆಣ್ಣೆಂಬ ಕಾರಣಕ್ಕೆ ವಿದ್ಯಾರ್ಥಿಯಾಗಿ ಹೆಸರು ದಾಖಲಿಸಲು ಸಾಧ್ಯವಾಗಲಿಲ್ಲ. ಪ್ರೊಫೆಸರರ ಅನುಮತಿ ಬೇಡಿ ಪಾಠ ಕೇಳಿದ ಆಕೆ ಮುಂದೆ ಜಗತ್ತಿನ ಹೆಸರಾಂತ ಗಣಿತಜ್ಞೆಯಾದರು. ಈ ಪ್ರಾಂತದ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಪೂರ್ಣವಾಗಿ ಬಾಗಿಲು ತೆರೆದದ್ದು 1900ರಲ್ಲಿ, ಜರ್ಮನಿಯಲ್ಲಿ ಅದೇ ಮೊದಲು. ಎರಡನೆಯದು ಕಹಿಯಾದದ್ದು. 1933ರ ಮೇ 17ರಂದು ಇದೇ ಚೌಕದಲ್ಲಿ ನಾಝಿಗಳು ಪುಸ್ತಕಗಳನ್ನು ಸುಟ್ಟರು. 1938ರ ನವೆಂಬರ್‌ನಲ್ಲಿ ಯಹೂದಿಯರ ಆರಾಧನಾಲಯವನ್ನು ಸುಟ್ಟರು. 1940ರ ಅಕ್ಟೋಬರ್‌ನಲ್ಲಿ ಇಲ್ಲಿನ ಯಹೂದಿಯರನ್ನು ರೈಲಿಗೆ ಹತ್ತಿಸಿ ಫ್ರಾನ್ಸಿನ ಶಿಬಿರಕ್ಕೆ ಸಾಗಿಸಿದರು. ಐದೂವರೆ ಶತಮಾನ ವಿದ್ಯೆ ಹಂಚಿದ ಊರು ನೆರೆಹೊರೆಯವರನ್ನು ಉಳಿಸಿಕೊಳ್ಳಲಿಲ್ಲ. ಓದು ಮಾತ್ರದಿಂದಲೇ ಮನುಷ್ಯ ಒಳ್ಳೆಯವನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯ ಶನಿವಾರ: ಕೋಟೆ

ಪೇಟೆಯ ಮೇಲೆ ಬೆಟ್ಟದ ಮಗ್ಗುಲಲ್ಲಿ ಕೆಂಪು ಕಲ್ಲಿನ ಅರಮನೆ-ಕೋಟೆ ಇದೆ. ಹತ್ತಲು ಮೆಟ್ಟಿಲುಗಳಿವೆ, ಆದರೆ ಮೊಣಕಾಲು ನೋವಿರುವವರು ಧಾನ್ಯ ಪೇಟೆಯ ಚೌಕದಿಂದ ಹಗ್ಗದ ರೈಲು ಹಿಡಿಯಲಿ. ಅದೇ ರೈಲು ಕೋಟೆ ದಾಟಿ ಇನ್ನೂ ಮೇಲಕ್ಕೆ ಹೋಗುತ್ತದೆ. ನಡುವೆ ಇಳಿದು ಬೇರೆ ಗಾಡಿ ಹತ್ತಬೇಕು. ಆ ಮೇಲಿನ ಹಾದಿಯ ಮರದ ಗಾಡಿಗಳು 1907ರ ಕಾಲದವು, ಇಂದಿಗೂ ಓಡುತ್ತಿವೆ.

ಕೋಟೆಯ ಅರ್ಧ ಭಾಗ ಪಾಳುಬಿದ್ದಿದೆ. ಅದರ ಹಿಂದೆ ಒಬ್ಬ ಹೆಣ್ಣುಮಗಳ ದುಃಖವಿದೆ. ಲೀಸಲೊಟ್ಟೆ ಈ ಅರಮನೆಯಲ್ಲಿ 1652ರಲ್ಲಿ ಹುಟ್ಟಿದ ರಾಜಕುಮಾರಿ. 1671ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ತಮ್ಮನಿಗೆ ಅವಳನ್ನು ಮದುವೆ ಮಾಡಿಕೊಟ್ಟರು. 1685ರಲ್ಲಿ ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಾಗ, ನಾದಿನಿಯ ಪಾಲು ಎಂದು ಹೇಳಿಕೊಂಡು ಲೂಯಿ ಈ ಸೀಮೆಯ ಮೇಲೆ ಹಕ್ಕು ಸಾರಿದ. ಮುಂದಿನ ಯುದ್ಧದಲ್ಲಿ ಅವನ ಸೈನ್ಯ 1689ರಲ್ಲಿ ಮತ್ತು 1693ರಲ್ಲಿ ಊರನ್ನೂ ಕೋಟೆಯನ್ನೂ ಹಾಳುಗೆಡವಿತು. ಅವಳ ಹೆಸರು ಹೇಳಿಕೊಂಡೇ ಅವಳ ತವರನ್ನು ಸುಟ್ಟರು. ಗಂಡನ ಮನೆಯಲ್ಲಿ ಕುಳಿತು ಅವಳು ಬರೆದ ಪತ್ರಗಳಲ್ಲಿ ಆ ಸಂಕಟ ದಾಖಲಾಗಿದೆ. ತವರಿನ ಅರ್ಥ ತಿಳಿದ ನಮ್ಮ ಹೆಣ್ಣುಮಕ್ಕಳಿಗೆ ಆ ಮುರಿದ ಬುರುಜಿನ ಮುಂದೆ ನಿಂತಾಗ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕೋಟೆಯೊಳಗೆ ಎಲ್ಲರೂ ನೋಡಲು ಹೋಗುವುದು ಎರಡು ಲಕ್ಷ ಲೀಟರಿಗೂ ಹೆಚ್ಚು ಹಿಡಿಯುವ 1751ರ ಮದ್ಯದ ಪೀಪಾಯಿಯನ್ನು. ಅದರ ಬದಲು ಅದೇ ಕೋಟೆಯಲ್ಲಿರುವ ಔಷಧ ಸಂಗ್ರಹಾಲಯಕ್ಕೆ ಹೆಚ್ಚು ಹೊತ್ತು ಕೊಡಿ. ಹಳೆಯ ಕಾಲದ ಜಾಡಿ, ತಕ್ಕಡಿ, ಕುಟ್ಟಾಣಿ, ಒಣಗಿದ ಬೇರು-ಎಲೆಗಳನ್ನು ನೋಡುವಾಗ ನಮ್ಮ ಹಕೀಮರ ಅಂಗಡಿ ನೆನಪಾಗುತ್ತದೆ.

ಹೊರಗೆ ಕೋಟೆಯ ತೋಟ. 1815ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಮಹಾಕವಿ ಗೊಯೆಥೆ ಮತ್ತು ಮರಿಯಾನ್ನೆ ಫಾನ್ ವಿಲ್ಲೆಮರ್ ಎಂಬ ಮಹಿಳೆ ಕೊನೆಯ ಬಾರಿ ಭೇಟಿಯಾದದ್ದು ಈ ಊರಿನಲ್ಲಿ. ಪರ್ಶಿಯನ್ ಕವಿ ಹಾಫಿಝರ ಅನುವಾದ ಓದಿ ಮನಸೋತಿದ್ದ ಗೊಯೆಥೆ 1819ರಲ್ಲಿ ತಮ್ಮ ‘ದಿವಾನ್’ ಪ್ರಕಟಿಸಿದರು. ಅದರಲ್ಲಿದ್ದ ಕೆಲವು ಕವಿತೆಗಳು ನಿಜವಾಗಿ ಮರಿಯಾನ್ನೆಯವು. ಆ ವಿಷಯ ಲೋಕಕ್ಕೆ ತಿಳಿದದ್ದು 1869ರಲ್ಲಿ, ಆಕೆ ತೀರಿಹೋಗಿ ಒಂಬತ್ತು ವರ್ಷಗಳಾದ ಮೇಲೆ.

ಮೂರನೆಯ ಶನಿವಾರ: ಆಚೆ ದಡ

ಮೂರನೆಯ ವಾರ ಹಳೆಯ ಸೇತುವೆ ದಾಟಿ. 1784ರಲ್ಲಿ ಮಂಜುಗಡ್ಡೆ ಹೊತ್ತು ಬಂದ ನೆರೆ ಹಿಂದಿನ ಸೇತುವೆಯನ್ನು ಕೊಚ್ಚಿಕೊಂಡು ಹೋದ ಮೇಲೆ 1788ರ ಹೊತ್ತಿಗೆ ಕಟ್ಟಿದ ಕಲ್ಲಿನ ಸೇತುವೆ ಇದು. 1945ರ ಮಾರ್ಚ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವೇ ಇದನ್ನು ಸ್ಫೋಟಿಸಿತು. ಎರಡು ವರ್ಷಗಳಲ್ಲಿ ಊರಿನವರು ಮತ್ತೆ ಕಟ್ಟಿಕೊಂಡರು.

ಆಚೆ ದಡದಲ್ಲಿ ನದಿಯುದ್ದಕ್ಕೂ ಪಶ್ಚಿಮಕ್ಕೆ ನಡೆಯಿರಿ. ನೊಯೆನ್‌ಹೈಮರ್ ಲಾಂಡ್‌ಸ್ಟ್ರಾಸೆಯ 58ನೆಯ ಸಂಖ್ಯೆಯ ಮನೆಯಲ್ಲಿ ಒಂದು ಫಲಕವಿದೆ. 1907ರ ಬೇಸಿಗೆಯಲ್ಲಿ ಅಲ್ಲಾಮಾ ಇಕ್ಬಾಲರು ಇಲ್ಲಿ ವಾಸವಾಗಿದ್ದರು. ಸಿಯಾಲ್‌ಕೋಟ್‌ನಲ್ಲಿ ಮೌಲ್ವಿ ಮೀರ್ ಹಸನ್‌ರ ಬಳಿ ಅರಬಿ, ಪಾರ್ಸಿ ಕಲಿತು ಕೇಂಬ್ರಿಡ್ಜ್ ಮುಗಿಸಿದ ಅವರಿಗೆ ಮ್ಯೂನಿಕ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್‌ಗಾಗಿ ಜರ್ಮನ್ ಭಾಷೆ ಬೇಕಾಗಿತ್ತು. ಕಲಿಸಿದವರು ಎಮ್ಮಾ ವೆಗೆನಾಸ್ಟ್ ಎಂಬ ಯುವ ಶಿಕ್ಷಕಿ. ಗೊಯೆಥೆಯ ಕಾವ್ಯವನ್ನೂ ಅವರು ಆಕೆಯ ಜೊತೆ ಓದಿದರು, ಊರಿಗೆ ಮರಳಿದ ಮೇಲೂ ವರ್ಷಗಟ್ಟಲೆ ಜರ್ಮನ್ ಭಾಷೆಯಲ್ಲೇ ಪತ್ರ ಬರೆದರು. 1923ರಲ್ಲಿ ಗೊಯೆಥೆಯ ‘ದಿವಾನ್’ಗೆ ಉತ್ತರವಾಗಿ ‘ಪಯಾಮೆ ಮಶ್ರಿಕ್’ ಪ್ರಕಟಿಸಿದರು. ‘ಬಾಂಗೆ ದರಾ’ದಲ್ಲಿರುವ ‘ಏಕ್ ಶಾಮ್’ ಕವಿತೆ ಈ ನೆಕ್ಕರ್ ದಂಡೆಯ ಒಂದು ಸಂಜೆಯ ಮೌನವನ್ನು ಕುರಿತದ್ದು. ದಂಡೆಯ ಒಂದು ಭಾಗಕ್ಕೆ ನಗರದವರು ‘ಇಕ್ಬಾಲ್ ಊಫರ್’ ಎಂದು ಹೆಸರಿಟ್ಟಿದ್ದಾರೆ. ಊಫರ್ ಎಂದರೆ ದಂಡೆ. ಉರ್ದು ಬಲ್ಲವರು ಆ ಪುಟ್ಟ ಕವಿತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿನ ಬೆಂಚಿನಲ್ಲಿ ಕುಳಿತು ಓದಿ.

ಇನ್ನೊಂದು ಶನಿವಾರ ಉಳಿದರೆ ಅದೇ ನದಿಯ ಮೇಲ್ಭಾಗದ ಟ್ಯೂಬಿಂಗನ್‌ಗೆ ಹೋಗಿ ಬನ್ನಿ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಆ ಊರಿನ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಅಲ್ಲೇ.

ಕೆಲವು ಸಣ್ಣ ವಿಷಯಗಳು

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸಾಮಾನು ಶನಿವಾರವೇ ತಂದಿಡಬೇಕು. ಶೌಚಾಲಯಕ್ಕೆ ಹಲವೆಡೆ ಹಣ ಕೊಡಬೇಕು, ಚಿಲ್ಲರೆ ನಾಣ್ಯಗಳಿರಲಿ. ನಲ್ಲಿ ನೀರು ಕುಡಿಯಬಹುದು, ಒಂದು ಬಾಟಲಿ ಜೊತೆಗಿದ್ದರೆ ಸಾಕು. ಬುತ್ತಿ ಕಟ್ಟಿಕೊಂಡು ಹೋದರೆ ಹಲಾಲ್ ಊಟ ಹುಡುಕುವ ತಲೆನೋವಿಲ್ಲ, ನದಿಯ ದಂಡೆಯ ಹುಲ್ಲಿನ ಮೇಲೆ ಕುಳಿತು ಉಣ್ಣುವವರು ಅಲ್ಲಿ ಬಹಳ. ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕಾದರೆ ಅಲ್ಲಿ ಆಗ್ನೇಯಕ್ಕೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆ. ಆದ್ದರಿಂದ ನಮಾಝ್‌ನ ಸಮಯ ನೋಡಿಕೊಂಡೇ ದಿನದ ಲೆಕ್ಕ ಹಾಕಿ.

ಮಗನ ಮನೆಯ ವಿಳಾಸ ಮತ್ತು ಫೋನ್ ನಂಬರನ್ನು ಜರ್ಮನ್ ಲಿಪಿಯಲ್ಲಿ ಕಾಗದದ ಮೇಲೆ ಬರೆಸಿ ಪರ್ಸಿನಲ್ಲಿಡಿ, ಮೊಬೈಲ್‌ನ ಬ್ಯಾಟರಿಯನ್ನು ನಂಬಬೇಡಿ. ತುರ್ತು ಕರೆಗೆ 112. ‘ಬಿಟ್ಟೆ’ ಎಂದರೆ ದಯವಿಟ್ಟು, ‘ಡಾಂಕೆ’ ಎಂದರೆ ಧನ್ಯವಾದ. ಇಷ್ಟು ಸಾಕು. ಮೊದಲ ವಾರ ಮಗ ಜೊತೆಗಿರಲಿ, ಟಿಕೆಟ್ ಯಂತ್ರ ಹೇಗೆ ಒತ್ತುವುದೆಂದು ನೀವೇ ಕೈಯಿಟ್ಟು ಕಲಿಯಿರಿ. ಮೂರನೆಯ ವಾರ ಅವನು ಬಾರದಿದ್ದರೂ ದಾರಿ ನಿಮಗೆ ಗೊತ್ತಿರುತ್ತದೆ.

ಮಕ್ಕಳಲ್ಲಿಯೂ ಒಂದು ಮಾತು. ತಾಯಿಯನ್ನು ಕರೆಸಿಕೊಳ್ಳುವಾಗ ಅವರ ಕೈಗಳ ಜೊತೆ ಕಣ್ಣುಗಳೂ ಬರುತ್ತವೆ. ನಿಮಗೆ ಆ ಸೇತುವೆ ದಿನನಿತ್ಯದ ದಾರಿ. ಅವರಿಗೆ ಮತ್ತೊಮ್ಮೆ ಆ ಊರಿಗೆ ಹೋಗುವ ಅವಕಾಶ ಸಿಗದೇ ಇರಬಹುದು. ತೊಂಬತ್ತು ದಿನಗಳಲ್ಲಿ ನಾಲ್ಕು ಶನಿವಾರ ಅವರಿಗೆ ಬಿಟ್ಟುಕೊಟ್ಟರೆ ಮನೆಯ ಕೆಲಸವೇನೂ ನಿಲ್ಲದು. ಹೋಗಿ ಬಂದ ಸಹೋದರಿಯರು ತಾವು ಕಂಡದ್ದನ್ನು ನಮಗೂ ಬರೆದು ತಿಳಿಸಿ.